ಮಡಚಿಟ್ಟ ಕೊಳೆ ಅಂಗಿ

ಆಸ್ಟ್ರೇಲಿಯಾದಲ್ಲಿ ನನ್ನ ಮೊದಲ ಕೆಲಸ ಶುರುವಾದದ್ದು ನೆಲದ ಮೇಲೆ ಬಿದ್ದಿದ್ದ ಬೆವರಿನ ಅಂಗಿಗಳ ಗುಡ್ಡೆಯಿಂದ. ಧಾರವಾಡದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದವಳು, ಸಿಡ್ನಿಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಕಿಟ್ ರೂಮಿನವಳಾದೆ. ಆಟಗಾರರ ಬಟ್ಟೆ ಒಗೆದು, ಒಣಗಿಸಿ, ನಂಬರಿನ ಪ್ರಕಾರ ಜೋಡಿಸಿಡಬೇಕು. ಕನ್ನಡ ಕೂಟದಲ್ಲೊಬ್ಬರು, "ಏನು ವರ್ಕ್ ಮಾಡ್ತೀರಾ ಆಂಟಿ?" ಎಂದರು. "ಅಂಗಿ ಒಗೀತೀನಿ" ಎಂದೆ. ಅವರು ಕೇಸರಿಬಾತಿನ ಕಡೆ ತಿರುಗಿದರು.

ಊರಿನಿಂದ ಅಣ್ಣ ವಿಡಿಯೋ ಕಾಲ್‌ನಲ್ಲಿ ಕೇಳಿದ: "ಬಿಎಡ್ ಮಾಡಿದಾಕಿ, ಮಂದಿ ಕಾಲುಚೀಲ ಒಗಿಯಾಕ ಅಷ್ಟ ದೂರ ಹೋದ್ಯೇನವಾ?"

"ಮಷಿನ್ ಒಗೀತೈತಿ ಅಣ್ಣಾ. ನಾ ಅದಕ್ಕ ಲೆಕ್ಕ ಹೇಳಿಕೊಡತೀನಿ."

ಮೊದಲ ದಿನವೇ ತಪ್ಪು ಮಾಡಿದೆ. ಎಲ್ಲರೂ ಬಟ್ಟೆ ಎಸೆದು ಹೋಗಿದ್ದರು. ಮೂಲೆಯಲ್ಲಿ ಒಂದು ಜೊತೆ ಮಾತ್ರ ನೀಟಾಗಿ ಮಡಚಿಟ್ಟಿತ್ತು, ಮೇಲೆ ಕಾಲುಚೀಲದ ಉಂಡೆ. ನಮ್ಮ ಮನೆಗಳಲ್ಲಿ ಉಟ್ಟು ಬಿಟ್ಟ ಬಟ್ಟೆಯನ್ನು ಯಾರು ಮಡಚುತ್ತಾರೆ? ಮಡಚಿದ್ದೆಂದರೆ ಒಗೆದದ್ದು. ಹಾಗೇ ಎತ್ತಿ ಕಪಾಟಿನಲ್ಲಿಟ್ಟೆ. ಮರುದಿನ ಅದರ ಒಡೆಯ ಅದನ್ನೇ ತೊಟ್ಟು ಪ್ರಾಕ್ಟೀಸಿಗೆ ಇಳಿದ. ಕೋಚ್ ಮೂಗು ಹಿಡಿದುಕೊಂಡು, "ಯಾರದಪ್ಪಾ ಈ ವಾಸನೆ?" ಎಂದಾಗಲೇ ನನಗೆ ಗೊತ್ತಾದದ್ದು.

"ತಪ್ಪು ನಂದು" ಎಂದೆ ಓಡಿ ಹೋಗಿ.

"ಇಲ್ಲ, ನನ್ನದು. ಕೊಳೆ ಅಂತ ಹೇಳಬೇಕಿತ್ತು" ಎಂದು ಅವನು ಸೊಂಟ ಬಗ್ಗಿಸಿ ತಲೆ ಬಾಗಿಸಿದ. ಹೆಸರು ಕೆಂಜಿ, ಜಪಾನಿನವನು, ಮಿಡ್‌ಫೀಲ್ಡರ್. ಚಿಕ್ಕಂದಿನಲ್ಲಿ ಶಾಲೆಯ ತಂಡದಲ್ಲಿ ಕಲಿತ ರೂಢಿಯಂತೆ: ಒಗೆಯುವವರ ಕೈಗೆ ಬಟ್ಟೆ ಎಸೆಯಬಾರದು, ಮಡಚಿ ಕೊಡಬೇಕು. ಇಪ್ಪತ್ತೈದು ಜನರಲ್ಲಿ ನನ್ನ ಕೈಗಳ ಬಗ್ಗೆ ಯೋಚಿಸಿದವನು ಅವನೊಬ್ಬನೇ. ನನ್ನನ್ನು 'ಸುನಂದಾ-ಸಾನ್' ಎನ್ನುತ್ತಿದ್ದ. ನಮ್ಮ ಕಡೆ ಹೆಸರಿಗೆ 'ಅಕ್ಕಾರ' ಹಚ್ಚಿದ ಹಾಗೆ.

ಫುಟ್‌ಬಾಲ್ ನನಗೆ ತಿಳಿದದ್ದು ಕೊಳೆಯಿಂದ. ಗೋಲ್‌ಕೀಪರನ ಮಣ್ಣು ಮಗ್ಗುಲಲ್ಲಿ, ಗೋಲು ಹೊಡೆಯುವವನದು ಮೊಣಕಾಲಲ್ಲಿ. ಕೆಂಜಿಯ ಅಂಗಿಯಲ್ಲಿ ಹಿಂದೆ ಮುಂದೆ ಎಲ್ಲೆಲ್ಲೂ ಹುಲ್ಲಿನ ಹಸಿರು ಕಲೆ. ಚೆಂಡು ಕಸಿದುಕೊಂಡು ಪಕ್ಕದವನಿಗೆ ಕೊಡುವುದು, ಮತ್ತೆ ಓಡುವುದು. ಪೇಪರಿನಲ್ಲಿ ಹೆಸರು ಬಾರದ ಕೆಲಸ.

ಅವನು ಆಡಿದ್ದು ಮೊದಲು ಜಪಾನಿನ ಎರಡನೇ ದರ್ಜೆಯ ಲೀಗು, ಆಮೇಲೆ ಥಾಯ್ಲೆಂಡು, ಆಮೇಲೆ ಸಿಡ್ನಿ. ಮೂವತ್ಮೂರನೇ ವಯಸ್ಸಿಗೆ ಮೊಣಕಾಲು ಕೈಕೊಟ್ಟಿತು. ಕ್ಲಬ್ಬು ಒಪ್ಪಂದ ಮುಗಿಸಿ, "ಬೇಕಿದ್ದರೆ ಮಕ್ಕಳಿಗೆ ಕೋಚಿಂಗ್ ಮಾಡು" ಎಂದಿತು. ಅವನ ಅಪ್ಪ ಫೋನಿನಲ್ಲಿ, ಸಾಕು, ಮನೆಗೆ ಬಾ ಎಂದರಂತೆ.

"ಏನ್ ಹೇಳಿದಿ?" ಎಂದೆ.

"ಇನ್ನೂ ಆಡ್ತೀನಿ ಅಂದೆ. ನಿಮ್ಮಣ್ಣನಿಗೆ ನೀವೇನು ಹೇಳ್ತೀರಿ?"

"ಇನ್ನೂ ಒಗೀತೀನಿ ಅಂತೀನಿ."

ಅಷ್ಟರಲ್ಲಿ ಯಜಮಾನರ ಕೆಲಸ ಮೆಲ್ಬರ್ನ್‌ಗೆ ಬದಲಾಯಿತು. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಬಾಡಿಗೆ ಮನೆ ಬಿಟ್ಟು ಮೆಲ್ಬರ್ನಿನ ಅಂಚಿನ ಟಾರ್ನೀಟ್‌ಗೆ ಬಂದೆವು. ಸಿಡ್ನಿಯಲ್ಲಿ ಹಿತ್ತಲಿಗೊಂದು ಮರವಿತ್ತು; ಇಲ್ಲಿ ಬೇಲಿ, ಅದರಾಚೆ ಇನ್ನೊಂದು ಬೇಲಿ, ಎಲ್ಲದರ ಮೇಲೆ ಗಾಳಿ. ಆದರೆ ಆ ಗಾಳಿಗೆ ಬಟ್ಟೆ ತಾಸೊಪ್ಪತ್ತಿನಲ್ಲಿ ಒಣಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಕೆಲಸ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಎಂಟು ತಿಂಗಳಾದ ಮೇಲೆ ಕೆಂಜಿಯ ಫೋನು. ಒಬ್ಬೊಬ್ಬನೇ ಓಡಿ ಕಾಲು ಗಟ್ಟಿ ಮಾಡಿಕೊಂಡಿದ್ದ. ಮೆಲ್ಬರ್ನಿನ ಒಂದು ಕ್ಲಬ್ಬು, ಗಾಯಗೊಂಡ ಆಟಗಾರನ ಬದಲಿಗೆ, ಆರು ವಾರಕ್ಕೆ ತೆಗೆದುಕೊಂಡಿತ್ತು. ಆ ಆರು ವಾರದ ಕೊನೆಯ ಪಂದ್ಯ ನಮ್ಮ ಹಳೇ ಸಿಡ್ನಿ ಕ್ಲಬ್ಬಿನ ವಿರುದ್ಧ. ಅದರಲ್ಲಿ ಆಡಿ ತೋರಿಸಿದರೆ ಸೀಸನ್ ಮುಗಿಯುವವರೆಗೆ ಇರಬಹುದು, ಇಲ್ಲದಿದ್ದರೆ ಆಟವೇ ಮುಗಿಯಿತು.

ನಾನೂ ಮಗಳೂ ಹೋದೆವು. ನಾನು ಸಿಡ್ನಿ ಕ್ಲಬ್ಬಿನ ನೀಲಿ ಕೆಲಸದ ಅಂಗಿಯನ್ನೇ ತೊಟ್ಟಿದ್ದೆ.

"ಅಮ್ಮಾ, ರಾಂಗ್ ಟೀಮ್! ಎವ್ರಿವನ್ ಈಸ್ ಸ್ಟೇರಿಂಗ್!"

"ನೋಡ್ಲಿ ಬಿಡು. ಈ ಬಣ್ಣ ಹೋಗದಂಗ ಮೂರು ವರ್ಷ ಕಾದಾಕಿ ನಾನು."

ಸಿಡ್ನಿ ಗೋಲು ಹೊಡೆದಾಗ ಕೈ ತಾನೇ ಚಪ್ಪಾಳೆಗೆ ಎದ್ದಿತು. ಕೆಂಜಿ ಬಿದ್ದು, ಮೊಣಕಾಲು ಹಿಡಿದು ಕೂತಾಗ ಅದೇ ಕೈ ಎದೆಗೆ ಹೋಯಿತು. ಕೋಚ್ ಬದಲಿ ಆಟಗಾರನನ್ನು ಎಬ್ಬಿಸಿದ. ಕೆಂಜಿ ತೋರುಬೆರಳೆತ್ತಿ ಬೇಡ ಎಂದು ಆಡಿಸಿ, ಎದ್ದು ನಿಂತ, ಓಡಿದ. ಕೊನೆಗೆ ಅವನು ಕಸಿದುಕೊಟ್ಟ ಚೆಂಡಿನಿಂದಲೇ ಇನ್ನೊಬ್ಬ ಗೋಲು ಹೊಡೆದ. ಪಂದ್ಯ ಸಮ. ಎಲ್ಲರೂ ಗೋಲು ಹೊಡೆದವನನ್ನು ಅಪ್ಪಿಕೊಂಡರು. ನಾನು ಕೆಂಜಿಯ ಎಂಟನೇ ನಂಬರಿನ ಅಂಗಿಯ ಕೊಳೆ ನೋಡುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಕೆಂಜಿ ಸ್ವೆಟರ್ ಹಾಕಿಕೊಂಡು ಮೈದಾನದ ಬೇಲಿಯ ಬಳಿ ಬಂದ.

"ಸೀಸನ್ ಮುಗಿಯೋವರೆಗೆ" ಎಂದು ಎರಡೂ ಕೈಯಲ್ಲಿ ಆ ಅಂಗಿಯನ್ನು ನನಗೆ ಕೊಟ್ಟ. "ಇದು ನಿಮಗೆ. ಮಡಚಿದೆ, ಸುನಂದಾ-ಸಾನ್. ಆದರೆ ಕೊಳೆ."

ಮರುದಿನ ಹಿತ್ತಲಲ್ಲಿ ಎರಡನ್ನೂ ಒಣಹಾಕಿದೆ: ಸಿಡ್ನಿಯ ನೀಲಿ, ಮೆಲ್ಬರ್ನಿನ ಬಿಳಿ. ಅಣ್ಣನ ಕಾಲ್ ಬಂತು. ಫೋನನ್ನು ಹಗ್ಗದ ಕಡೆ ತಿರುಗಿಸಿದೆ.

"ಇದರಾಗ ನಿಮ್ಮ ಟೀಮಿಂದು ಯಾವುದವಾ?" ಎಂದ.

ಬಿಳಿ ಅಂಗಿಯ ಬೆನ್ನಿನ ಹಸಿರು ಕಲೆ ಪೂರ್ತಿ ಹೋಗಿರಲಿಲ್ಲ. ನಾನೇ ಬಿಟ್ಟಿದ್ದೆ.

"ಎರಡೂ ನಾನ ಒಗದದ್ದು" ಎಂದೆ.