ಅತ್ತೆಯ ಟೊಂಕ, ನನ್ನ ಎಡಗಾಲು

ಮನುಷ್ಯರಾದವರು ಈ ಲೋಕಕ್ಕೆ ತಲೆಬಾಗಿಯೇ ಬರಬೇಕು. ಹುಟ್ಟಿನಲ್ಲಿಯೇ ಪ್ರಕೃತಿ ನಮಗೆ ವಿನಯದ ಮೊದಲ ಪಾಠ ಕಲಿಸುತ್ತದೆ. ನಾನು ಕಾಲು ಮುಂದೆ ಚಾಚಿಕೊಂಡು ಬಂದೆ.

ನಮ್ಮ ಗಡಿಭಾಗದಲ್ಲಿ ಹಾಗೆ ಹುಟ್ಟಿದವರಿಗೆ ಪಾಯಾಳು ಎನ್ನುತ್ತಾರೆ. ಟೊಂಕ ಉಳುಕಿದವರು ಬೋರಲು ಮಲಗಬೇಕು, ಪಾಯಾಳು ಎಡಗಾಲಿನಿಂದ ಮೆಲ್ಲಗೆ ಒದೆಯಬೇಕು, ಉಳುಕು ಬಿಡಬೇಕು. ಹೀಗಾಗಿ ತವರೂರು ಮೆಹಕರದಲ್ಲಿ, ನಡೆಯಲು ಕಲಿತ ಕೂಡಲೇ ನಾನು ವೈದ್ಯವೃತ್ತಿಗೆ ಇಳಿದೆ. ಸೋಮವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಊರಿನ ಗಣ್ಯರು ಬೋರಲು ಬೀಳುತ್ತಿದ್ದರು. ಗೌಡರನ್ನೂ ಒದ್ದಿದ್ದೇನೆ, ಸಾಲೆಯ ಮಾಸ್ತರರನ್ನೂ ಒದ್ದಿದ್ದೇನೆ. ಎಲ್ಲರೂ ಎದ್ದು, ಬೆಲ್ಲದ ಚೂರು ಕೊಟ್ಟು, ಕೈಮುಗಿದು ಹೋಗುತ್ತಿದ್ದರು.

ಔರಾದ ತಾಲೂಕಿನ ಠಾಣಾ ಕುಶನೂರಿಗೆ ಮದುವೆಯಾಗಿ ಹೊರಟಾಗ ಅವ್ವ ಕಿವಿಯಲ್ಲಿ ಹೇಳಿದಳು: “ಅಲ್ಲಿ ಕಾಲಿನ ಸುದ್ದಿ ತೆಗಿಬ್ಯಾಡ. ಹೊಸಾ ಸೊಸಿ ಒದೀತಾಳಂದ್ರ ಯಾರ ಮನ್ಯಾಗ ಇಟ್ಕೋತಾರ?” ನಾನು ನನ್ನ ವಿದ್ಯೆಯನ್ನು ಸೀರೆಯ ನಿರಿಗೆಯೊಳಗೆ ಮುಚ್ಚಿಟ್ಟು ಸಂಸಾರ ಮಾಡಿದೆ.

ಮರುವರ್ಷ ಮಳೆ ಬರಲಿಲ್ಲ. ತೊಗರಿ ಮೊಣಕಾಲೆತ್ತರಕ್ಕೆ ಬಂದು, ಮುಂದೇನು ಎಂದು ವಿಚಾರ ಮಾಡುತ್ತ ಅಲ್ಲಿಯೇ ನಿಂತಿತು. ಊರಿನ ಗಂಡಸರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ನನ್ನ ಗಂಡನೂ ಹೋದ. ಅವರ ಹಿಂದೆ ನಮ್ಮ ಓಣಿಯ ಹೆಂಗಸರೂ ಭಾನುವಾರ ಭಾಲ್ಕಿಯಲ್ಲಿ ರೈಲು ಹತ್ತುವುದೆಂದು ನಿಶ್ಚಯವಾಯಿತು. ಈ ದಂಡಿಗೆ ದಂಡನಾಯಕಿ ನನ್ನ ಅತ್ತೆ. ಮೇಸ್ತ್ರಿಯ ಜೊತೆ ಉರ್ದುವಿನಲ್ಲಿ ಜಗಳಾಡಿ ಗೆದ್ದು ಬರಬಲ್ಲವರು ಓಣಿಗೆಲ್ಲ ಕಾಕಿಯಾದ ಅವರೊಬ್ಬರೇ. “ಕಾಕಿ ಬಂದ್ರ ನಾವು ಬರ್ತೇವಿ, ಇಲ್ಲಂದ್ರ ಇಲ್ಲ” ಎಂದು ಉಳಿದವರು ಸಾರಿಬಿಟ್ಟಿದ್ದರು. ನನಗಂತೂ ಗಂಡನ ಮುಖ ನೋಡುವ ಅವಸರವಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೈದರಾಬಾದಿನ ಗಿರಣಿ ಹಿಟ್ಟಿನಿಂದ ರೊಟ್ಟಿಯಾಗುವುದಿಲ್ಲ, ರದ್ದಿಕಾಗದವಾಗುತ್ತದೆ ಎಂಬುದು ಅತ್ತೆಯ ಸಿದ್ಧಾಂತ. ಆದ್ದರಿಂದ ಮನೆಯ ಬೀಸುವ ಕಲ್ಲೂ ನಮ್ಮ ಜೊತೆ ಗುಳೆ ಹೊರಟಿತ್ತು. ಗುರುವಾರ ಅದನ್ನು ಗೋಣಿಚೀಲಕ್ಕೆ ತುಂಬಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

“ಏನಾಯ್ತ್ರೀ ಅತ್ತಿ?”

“ಏನಾಗ್ತದ? ಟೊಂಕ ಹಿಡೀತು. ನೋಡ್ಕೋತ ಯಾಕ ನಿಂತಿ? ಮೊದಲ ಕಲ್ಲು ಎತ್ತಿಡು, ಆಮ್ಯಾಗ ನನ್ನ ಎತ್ತು.”

ನಿರಿಗೆಯೊಳಗೆ ನನ್ನ ಎಡಗಾಲು ತುರಿಸತೊಡಗಿತು. ಆದರೆ ಅತ್ತೆಗೆ ಕಾಲು ತಾಗಿಸುವುದೆಂದರೆ ಸಣ್ಣ ಮಾತೇ? ಕಲ್ಲು ಎತ್ತಿಟ್ಟೆ, ಆಮೇಲೆ ಅತ್ತೆಯನ್ನು ಎತ್ತಿದೆ.

ಶುಕ್ರವಾರ ಬಸ್ಸು ಹಿಡಿದು ಬೀದರಿಗೆ ಹೋದೆವು. ಅಲ್ಲಿ ಬರಿಗೈಯಿಂದಲೇ ಬೆನ್ನುಮೂಳೆ, ಕೀಲು ಸಡಿಲಿಸುವ ಡಾಕ್ಟರೊಬ್ಬರಿದ್ದರು. ಅದಕ್ಕೆ ಕೈರೋಪ್ರಾಕ್ಟಿಕ್ ಎನ್ನುತ್ತಾರೆಂದು ಈಗ ನನ್ನ ಮೊಮ್ಮಗಳು ಹೇಳುತ್ತಾಳೆ. ಆಗ ನಾವು ಎಲುಬಿನ ಡಾಕ್ಟರ್ ಎಂದಷ್ಟೇ ಅನ್ನುತ್ತಿದ್ದೆವು. ಹೊರಗಿನ ಬೆಂಚಿನ ಮೇಲೆ ಕುತ್ತಿಗೆ ಹಿಡಿದುಕೊಂಡ ಮುದುಕರೊಬ್ಬರು ಕೂತಿದ್ದರು. ಕುತ್ತಿಗೆ ತಿರುಗದ ಕಾರಣ ಇಡೀ ದೇಹವನ್ನೇ ನನ್ನ ಕಡೆ ತಿರುಗಿಸಿದರು. ಮೆಹಕರದವರು.

“ಏ ತಂಗಿ! ನಮ್ಮೂರ ಪಾಯಾಳು ಅಲ್ಲೇನ ನೀ?” ಎಂದವರೇ ಅತ್ತೆಯ ಕಡೆ ಮತ್ತೊಮ್ಮೆ ಇಡಿಯಾಗಿ ತಿರುಗಿದರು. “ಇಂಥಾ ಕಾಲು ಮನ್ಯಾಗ ಇಟ್ಕೊಂಡು ಬೀದರಿಗಿ ಯಾಕ ಬಂದ್ರಿ ತಾಯಿ? ನನ್ನ ಟೊಂಕ ಈಕಿನೇ ಬಿಡಿಸ್ಯಾಳ. ಕುತ್ತಿಗಿಗಿ ಒದೀಲಾಕ ಬರಾಂಗಿಲ್ಲ ಅಂತ ನಾ ಇಲ್ಲಿ ಬಂದೀನಿ.”

ಅತ್ತೆ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು.

ಡಾಕ್ಟರು ಅತ್ತೆಯ ಕಾಲನ್ನು ಒಂದೊಂದಾಗಿ ಎತ್ತಿ, ಜೋಮು ಹಿಡಿಯುತ್ತದೆಯೇ ಎಂದು ಕೇಳಿ, “ನರಕ್ಕ ಏನೂ ಆಗಿಲ್ರಿ, ಸ್ನಾಯು ಬಿಗದಾವ” ಎಂದರು. ಮಗ್ಗುಲಿಗೆ ಮಲಗಿಸಿ ಅಂಗೈಯಿಂದ ಒತ್ತಿದರು. ಎದ್ದಾಗ ಅತ್ತೆ ಅರ್ಧ ನೆಟ್ಟಗಾಗಿದ್ದರು. ಬಿಸಿನೀರಿನ ಶಾಖ ಕೊಡಬೇಕು, ಮೆಲ್ಲಗೆ ಅಡ್ಡಾಡಬೇಕು, ಭಾರ ಎತ್ತಬಾರದು ಎಂದಾಯಿತು. ಬಾಗಿಲಲ್ಲಿ ಅತ್ತೆ ನಿಂತರು.

“ಡಾಕ್ಟರ್ ಸಾಬ್, ನೀವು ಹುಟ್ಟೂಮುಂದ ತಲಿ ಮೊದಲ ಬಂತೋ, ಕಾಲೋ?”

“ತಲೀನೇ ಇರಬೇಕ್ರಿ.”

“ಅದಕ್ಕ ಅರ್ಧಾ ಬಿಟ್ಟದ” ಎಂದು ಅತ್ತೆ ನಿಟ್ಟುಸಿರು ಬಿಟ್ಟರು.

ಶನಿವಾರ ಸಂಜೆಯಾದರೂ ಉಳಿದರ್ಧ ಬಿಡಲಿಲ್ಲ. ಗಂಟುಮೂಟೆ ಕಟ್ಟಿದ ಹೆಂಗಸರು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಅತ್ತೆ ಬಾಗಿಲಿಗೆ ಅಗಳಿ ಹಾಕಿಸಿ, ನ್ಯಾಯಾಧೀಶರ ಗಾಂಭೀರ್ಯದಿಂದ ತೀರ್ಪು ಕೊಟ್ಟರು: “ಮೊದಲ ನನ್ನ ಕಾಲಿಗಿ ಬೀಳು. ಆಮ್ಯಾಗ ಒದಿ. ಮತ್ತ ಬೀಳು. ಪಾಪ ಅಲ್ಲಿಂದಲ್ಲಿಗಿ ಹೋಗ್ತದ.” ಬೋರಲು ಮಲಗಿದ ಮೇಲೆ ಒಂದು ತಿದ್ದುಪಡಿಯನ್ನೂ ಸೇರಿಸಿದರು: “ಮೆಲ್ಲಕ. ಹಿಂದಿಂದೆಲ್ಲಾ ಇದರಾಗೇ ತೀರಿಸ್ಕೋಬ್ಯಾಡ.”

ಕಾಲಿಗೆ ಬಿದ್ದೆ. ಎದ್ದು ಕಾಲೆತ್ತಿದೆ. ಗೌಡರಿಗೆ ಅಂಜದ ಕಾಲು ಈಗ ಅರ್ಧದಲ್ಲಿಯೇ ನಿಂತಿತು. ಒದೆಯಲು ಧೈರ್ಯ ಸಾಲದೆ, ಬೆರಳ ತುದಿ ಅತ್ತೆಯ ಟೊಂಕದ ಮೇಲೆ ಸುಮ್ಮನೆ ಹರಿದಾಡಿತು.

ಅತ್ತೆಗೆ ಕಚಗುಳಿ ಬಹಳವೆಂಬುದು ಅವತ್ತಿನವರೆಗೆ ಊರಿಗೇ ಗೊತ್ತಿರಲಿಲ್ಲ. ಮೊದಲು ಬೆನ್ನು ಅಲುಗಿತು. ಆಮೇಲೆ ಕೀರಲು ದನಿಯೊಂದು ಹೊರಬಂತು. “ಏ ಪೋರಿ... ತೆಗಿ... ಯವ್ವಾ, ಸಾಯ್ತೇನಿ!” ಎಂದು ಅತ್ತೆ ನಗುತ್ತ ಹೊರಳಾಡಿದರು. ನಾನು ಆಯ ತಪ್ಪಿ ಅವರ ಪಕ್ಕದಲ್ಲೇ ಬಿದ್ದು, ಬಿದ್ದಲ್ಲಿಯೇ ನಗತೊಡಗಿದೆ.

“ಕಾಕಿ ಅಳ್ಳಾಕತ್ತಾಳೇನು?” ಎಂದು ಹೊರಗಿನಿಂದ ಯಾರೋ ಕೂಗಿದರು.

ಅಷ್ಟರಲ್ಲಿ ಅತ್ತೆಯ ಬೆನ್ನಿನೊಳಗೆಲ್ಲೋ ಲಟಕ್ಕೆಂದಿತು. ಇಬ್ಬರ ನಗುವೂ ನಿಂತಿತು. ಅತ್ತೆ ಮೆಲ್ಲಗೆ ಎದ್ದು ಕೂತರು. ಗೋಡೆ ಹಿಡಿದು ನಿಂತರು. ಗೋಡೆ ಬಿಟ್ಟೂ ನಿಂತರು.

ಡಾಕ್ಟರರ ಅಂಗೈಯೋ, ಬಿಸಿನೀರೋ, ನನ್ನ ಕಾಲೋ, ಆ ನಗುವೋ, ಯಾವುದರಿಂದ ಬಿಟ್ಟಿತೆಂದು ಹೇಳುವ ಯೋಗ್ಯತೆ ನನಗೆ ಇಂದಿಗೂ ಬಂದಿಲ್ಲ. ಅತ್ತೆಯ ಗಮನ ಬೇರೆ ಕಡೆ ಇತ್ತು.

“ಇನ್ನೊಮ್ಮೆ ಬೀಳೂದು ಉಳದದ” ಎಂದರು.

ಬಿದ್ದೆ.

ಭಾನುವಾರ ಅತ್ತೆ ಭಾಲ್ಕಿಯಲ್ಲಿ ಎಲ್ಲರಿಗಿಂತ ಮೊದಲು ರೈಲು ಹತ್ತಿದರು. ಬೀಸುವ ಕಲ್ಲು ಮನೆಯಲ್ಲಿಯೇ ಉಳಿಯಿತು.