ಎರಡು ಏಟಿಗೆ ಒಂದು ಬಸ್ಸು ಸಾಕ್ಷಿ

ನಾನು ಬಸ್ ಕಂಡಕ್ಟರ್. ರಾಮದುರ್ಗದಿಂದ ಹೊರಟು ಸುರೇಬಾನ, ಸವದತ್ತಿ, ಮುನವಳ್ಳಿ, ಬೈಲಹೊಂಗಲ ಎಂದು ಊರೂರು ಸುತ್ತಿಕೊಂಡು ಕಿತ್ತೂರು ಮುಟ್ಟುವ ಗಾಡಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಅವಸರವಿದ್ದವರು ಆ ಗಾಡಿ ಹತ್ತುವುದಿಲ್ಲ. ಸಂತೆಗೆ, ದವಾಖಾನೆಗೆ, ತವರಿಗೆ, ಬೀಗರ ಮನೆಗೆ ಹೋಗುವವರು ಹತ್ತುತ್ತಾರೆ. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲಂತೂ ಗಾಡಿ ತುಂಬ ಅವರದೇ ಮಾತು. ಸವದತ್ತಿ ದಾಟುವುದರೊಳಗೆ ಯಾರ ಸೊಸೆ ಹೇಗೆ, ಯಾರ ಎಮ್ಮೆ ಕರು ಹಾಕಿತು ಎಲ್ಲ ನನಗೆ ಗೊತ್ತಾಗಿರುತ್ತಿತ್ತು.

ನನ್ನ ಜೊತೆಯ ಡ್ರೈವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಮನುಷ್ಯರ ಜೊತೆ ಮಾತು ಕಡಿಮೆ, ಗಾಡಿಯ ಜೊತೆಗೇ ಹೆಚ್ಚು. ಏರು ಬಂದರೆ, "ಬಾರವಾ, ಇನ್ನೊಂದೀಟ ಬಾ" ಎಂದು ಅದನ್ನು ಪುಸಲಾಯಿಸುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು.

ಕಬ್ಬಿನ ಹಂಗಾಮಿನ ಒಂದು ಬೆಳಿಗ್ಗೆ. ಮುನವಳ್ಳಿ ಬಿಟ್ಟು ಬೈಲಹೊಂಗಲದ ಕಡೆ ಹೊರಟಿದ್ದೆವು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ತೆವಳುತ್ತಿತ್ತು, ಪಕ್ಕದಲ್ಲಿ ಆಳವಾದ ಕಾಲುವೆ. ಹಿಂದಿನಿಂದ ಒಂದು ಬಿಳಿ ಕಾರು ಬಿಡದೆ ಹಾರ್ನ್ ಹೊಡೆಯತೊಡಗಿತು. ದಾರಿ ಬಿಡಲು ಜಾಗ ಎಲ್ಲಿದೆ? ಕಾಕಾ ಕೈ ಹೊರಗೆ ಚಾಚಿ, ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದರು. ಟ್ರ್ಯಾಕ್ಟರ್ ಹೊಲದ ದಾರಿಗೆ ತಿರುಗಿದ್ದೇ ತಡ, ಕಾರು ನಮ್ಮನ್ನು ದಾಟಿ ಅಡ್ಡ ನಿಂತಿತು.

ಕಾರಿನಲ್ಲಿದ್ದವರು ಸರ್ಕಾರದ ಒಂದು ನಿಗಮಕ್ಕೆ ಅಧ್ಯಕ್ಷರಾಗಿದ್ದ ಮುಖಂಡರು. ಅವರ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಆಗಬೇಕಾದ ಶಿಕ್ಷೆ ಆಗಿದೆ, ಅದರ ಮೇಲೆ ನನ್ನದೊಂದು ಬೇಡ. ಅವರು ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ, "ನಾಕ ಹಾಕ್ರಿ ಅವಗ, ಸೊಕ್ಕ ಇಳೀಲಿ" ಎಂದರು. ಜೊತೆಗಿದ್ದ ಇಬ್ಬರು ಇಳಿದು ಬಂದರು. ಒಬ್ಬ ಕಾಕಾನ ಅಂಗಿ ಹಿಡಿದು ಕೆಳಗೆ ಎಳೆದ. ಇನ್ನೊಬ್ಬ ಕಪಾಳಕ್ಕೆ ಎರಡು ಬಾರಿಸಿದ. ಖಾಕಿ ಅಂಗಿಯ ಜೇಬು ಹರಿದು ಜೋತುಬಿತ್ತು. ಕಾರು ಹೋಯಿತು.

ನಾನು ಟಿಕೆಟ್ ಮಷಿನ್ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದೆ. ಒಂದು ಕೂಗು ಕೂಡ ನನ್ನಿಂದ ಹೊರಡಲಿಲ್ಲ. ಬಸ್ಸಿನ ಗದ್ದಲದ ನಡುವೆ ಇಡೀ ದಿನ ಕೂಗುವವಳು ನಾನು. ಈಗಲೂ ಅದು ನೆನಪಾದರೆ ನಾಚಿಕೆಯಾಗುತ್ತದೆ.

ಕಾಕಾ ತಿರುಗಿ ಬಂದು ಸೀಟಿನಲ್ಲಿ ಕುಳಿತರು. ಸ್ಟೇರಿಂಗ್ ಮೇಲೆ ಕೈ ಇಟ್ಟರು, ಗಾಡಿ ಚಾಲೂ ಮಾಡಲಿಲ್ಲ. ಆಗ ಮೂರನೆಯ ಸೀಟಿನಿಂದ ಒಬ್ಬ ಆಯಿ ಎದ್ದು ಮುಂದೆ ಬಂದಳು. ಸುರೇಬಾನದಲ್ಲಿ ಹತ್ತಿದವಳು, ಕಿತ್ತೂರಿನಲ್ಲಿ ಮೊಮ್ಮಗಳ ಕುಬಸ, ಅಂದರೆ ಸೀಮಂತ. ಅವಳ ಮನೆತನದ ಹನ್ನೊಂದು ಹೆಂಗಸರು ಬುತ್ತಿಯ ಬುಟ್ಟಿಗಳನ್ನು ಹೊತ್ತು ಜೊತೆಗೆ ಬಂದಿದ್ದರು.

"ತಮ್ಮಾ, ಗಾಡಿ ಠಾಣೆಕ್ಕ ಹೊಡಿ" ಎಂದಳು.

"ಬ್ಯಾಡ್ರಿ ಆಯಿ. ಇನ್ನ ಎರಡ ವರ್ಷ ಸರ್ವೀಸ್ ಐತಿ. ಅವರು ದೊಡ್ಡ ಮಂದಿ."

"ದೊಡ್ಡ ಮಂದಿ ಅಂತನ ಠಾಣೆಕ್ಕ ಹೋಗೂದು. ಸಣ್ಣ ಮಂದಿ ಬಡದಿದ್ರ ನಾನ ಇಳದು ನೋಡಕೋತಿದ್ನಿ."

ಹಿಂದಿನ ಸೀಟಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಆ ನಗೆ ಬಸ್ಸಿಗೆ ಜೀವ ತಂದಿತು. "ಹೋಗೂಣು, ಹೋಗೂಣು" ಎಂಬ ದನಿಗಳು ಎದ್ದವು. ಅವಸರವಿದ್ದ ನಾಲ್ಕು ಮಂದಿಯನ್ನು ಹಿಂದೆ ಬಂದ ಇನ್ನೊಂದು ಬಸ್ಸಿಗೆ ಹತ್ತಿಸಿದೆ. ಉಳಿದವರು ಇಪ್ಪತ್ತೇಳು ಹೆಂಗಸರು. ಡಿಪೋಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆ ಕಡೆಯಿಂದ ಬಂದ ಮೊದಲ ಮಾತು, "ಗಾಡಿಗೆ ಏನರ ಆಗೇತೇನು?" ಎಂದು.

ಠಾಣೆಯಲ್ಲಿ ಫೌಜದಾರ ಸಾಹೇಬರು ನಾವು ಹೇಳಿದ್ದನ್ನೆಲ್ಲ ಸಮಾಧಾನದಿಂದಲೇ ಕೇಳಿದರು. ಮುಖಂಡರ ಹೆಸರು ಬಂದ ಕೂಡಲೇ ಪೆನ್ನಿನ ಟೊಪ್ಪಿಗೆ ಹಾಕಿದರು.

"ಒಂದ್ ಅರ್ಜಿ ಕೊಟ್ಟ ಹೋಗ್ರಿ. ವಿಚಾರ ಮಾಡತೀವಿ. ಯಾಕ ಸುಮ್ಮನ ಬೆಳಸ್ತೀರಿ?"

ಆಯಿ ಅವರ ಮೇಜಿನ ಮುಂದಿನ ಕುರ್ಚಿಯಲ್ಲಿ, ಯಾರೂ ಕೂರಲು ಹೇಳದಿದ್ದರೂ, ಕುಳಿತಳು. "ಸಾಹೇಬ್ರ, ಒಂದ್ ಮಾತ ಕೇಳತೇನಿ. ಹ್ವಾದ ವರ್ಷ ಇದ ದಾರ್ಯಾಗ ಇದ ಸಾಹುಕಾರನ ಗಾಡಿ ಕನ್ನಡಿಗೆ ಒಬ್ಬಾಂವ ಚಕ್ಕಡಿ ತಾಗಿಸಿದಾ. ಕನ್ನಡಿ ಒಡೀತು. ನೆನಪೈತೇನ್ರಿ?"

ಸಾಹೇಬರಿಗೆ ನೆನಪಿತ್ತು.

"ಅವತ್ತ ಎಷ್ಟ ಹೊತ್ತಿನ್ಯಾಗ ಕೇಸ್ ಬರಕೊಂಡ್ರಿ?"

ಆಯಿಯೇ ಹೇಳಿದಳು. "ಅರ್ಧ ತಾಸ್ನ್ಯಾಗ. ಆ ಚಕ್ಕಡಿಯಾಂವ ನನ್ನ ಮೈದುನ. ಅವತ್ತ ನಾ ಮನ್ಯಾಗ ಅಳಕೋತ ಕುಂತಿದ್ನಿ, ಇಲ್ಲಿ ಬರಾಕ ಧೈರ್ಯ ಆಗಲಿಲ್ಲ. ಈಗ ಬಂದೇನಿ. ಕನ್ನಡಿಗೆ ಅರ್ಧ ತಾಸಾದ್ರ, ಗಲ್ಲಕ್ಕ ಎಷ್ಟ ತಾಸು? ಅಷ್ಟ ತಾಸು ನಾವು ಕುಂಡ್ರತೇವಿ."

ನಿಜವಾಗಿಯೂ ಕುಳಿತರು. ಠಾಣೆಯ ಬೇವಿನ ಮರದ ಕೆಳಗೆ ಇಪ್ಪತ್ತೇಳು ಮಂದಿ. ಮಧ್ಯಾಹ್ನವಾದಾಗ ಹಸಿವಾಯಿತು, ಕುಬಸದ ಬುಟ್ಟಿಗಳನ್ನು ಬಿಚ್ಚಿದರು. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ. ಆಯಿಯ ಕಡೆಯವರು ಬಸ್ಸಿನ ಎಲ್ಲರಿಗೂ ಬಡಿಸಿದರು, ಕಾವಲಿದ್ದ ಪೊಲೀಸರಿಗೂ ಕೊಟ್ಟರು. ಒಬ್ಬ ಪೊಲೀಸ್ ಹೋಳಿಗೆ ಮುರಿಯುತ್ತ, "ಕುಬಸಕ್ಕ ಏನ ಒಯ್ಯತೀರಿ ಮತ್ತ?" ಎಂದು ಕೇಳಿದ. "ಕೇಸಿನ ಕಾಗದ ಒಯ್ಯತೇವಿ" ಎಂದು ಆಯಿಯ ಸೊಸೆ ಹೇಳಿದಳು. ನಡುನಡುವೆ ಸಾಹೇಬರ ಫೋನ್ ರಿಂಗಾಗುತ್ತಲೇ ಇತ್ತು. ಅವರು ಒಳಗೆ ಹೋಗುತ್ತಿದ್ದರು, ಹೊರಗೆ ಬಂದು ಮರದ ಕೆಳಗೆ ಒಮ್ಮೆ ನೋಡುತ್ತಿದ್ದರು, ಮತ್ತೆ ಒಳಗೆ ಹೋಗುತ್ತಿದ್ದರು.

ಯಾರಾದರೂ ವಿಡಿಯೋ ಮಾಡಿದ್ದೀರಾ ಎಂದು ಸಾಹೇಬರು ಕೇಳಿದಾಗ ಒಬ್ಬಾಕೆ ಹುರುಪಿನಿಂದ ಮೊಬೈಲ್ ಕೊಟ್ಟಳು. ನೋಡಿದರೆ ಮೊದಲಿನಿಂದ ಕೊನೆಯವರೆಗೆ ಅವಳದೇ ಹೆಬ್ಬೆರಳು. ಸಾಹೇಬರು ಕೂಡ ನಕ್ಕುಬಿಟ್ಟರು. ಆ ನಗೆಯ ಮೇಲೆಯೇ ಪೆನ್ನು ಮತ್ತೆ ಎತ್ತಿಕೊಂಡರು ಎಂದು ನನಗನ್ನಿಸುತ್ತದೆ. ಮೂರು ಗಂಟೆಗೆ ಕೇಸು ದಾಖಲಾಯಿತು. ಅದರ ಪ್ರತಿ ಕಾಕಾನ ಕೈಗೆ ಬಂತು. ಕಾಕಾ ಅದನ್ನು ಹರಿದ ಜೇಬಿನಲ್ಲಿ ಇಡಲು ಹೋಗಿ, ನೆನಪಾಗಿ, ನನ್ನ ಕೈಗೆ ಕೊಟ್ಟರು.

ಬೈಲಹೊಂಗಲದಲ್ಲಿ ಗಾಡಿ ನಿಂತಾಗ ನಾನು ಒಂದು ಕೆಲಸ ಮಾಡಿದೆ. ಎಲ್ಲರ ಶೂನ್ಯ ದರದ ಟಿಕೆಟ್ ಇಸಿದುಕೊಂಡು ಝೆರಾಕ್ಸ್ ಅಂಗಡಿಗೆ ಓಡಿದೆ. ನಮ್ಮ ಮಷಿನ್ನಿನ ಟಿಕೆಟ್ ಮೇಲಿನ ಅಕ್ಷರ ನಾಲ್ಕು ತಿಂಗಳಲ್ಲಿ ಅಳಿಸಿಹೋಗುತ್ತದೆ, ಅದು ಕಂಡಕ್ಟರಿಗೆ ಗೊತ್ತಿರುವ ಸಂಗತಿ. ಪ್ರತಿಯೊಂದು ಪ್ರತಿಯ ಮೇಲೆ ಅವರವರ ಹೆಸರು, ಊರು ಬರೆಸಿಕೊಂಡೆ. ಬೆಳಿಗ್ಗೆ ಬಾರದ ದನಿಗೆ ಬದಲಾಗಿ ಇಷ್ಟಾದರೂ ಮಾಡೋಣ ಎಂದು.

ಆಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಬಸ್ಸು ದಾರಿ ಬಿಡದೆ ಅಪಾಯ ತಂದಿತೆಂದು ಕಾಕಾನ ಮೇಲೆ ತಿರುಗುದೂರು ಬಂತು. ನನ್ನನ್ನು ಮೂರು ತಿಂಗಳು ಬೇರೆ ಗಾಡಿಗೆ ಹಾಕಿದರು. ಮುಖಂಡರು ಅವತ್ತು ಬೆಳಿಗ್ಗೆ ರಸ್ತೆ ಸುರಕ್ಷತೆಯ ಜಾಥಾಕ್ಕೆ ಹಸಿರು ನಿಶಾನೆ ತೋರಿಸಿಯೇ ನಮ್ಮ ದಾರಿಗೆ ಬಂದಿದ್ದರೆಂದು ಪತ್ರಿಕೆಯ ಫೋಟೋ ನೋಡಿ ತಿಳಿಯಿತು. 'ರಸ್ತೆಯಲ್ಲಿ ತಾಳ್ಮೆ ಇರಲಿ' ಎಂಬ ಫಲಕದ ಕೆಳಗೆ ನಗುತ್ತ ನಿಂತಿದ್ದರು. ಕಾಕಾ ಆ ಫೋಟೋ ನೋಡಿ, "ಫಲಕ ಚಲೋ ಬರದಾರ" ಎಂದಷ್ಟೇ ಅಂದರು.

ದೋಷಾರೋಪ ಪಟ್ಟಿ ಬಂದಾಗ ಅದರಲ್ಲಿ ಇಬ್ಬರ ಹೆಸರಷ್ಟೇ ಇತ್ತು, ಎಳೆದವನದು ಮತ್ತು ಹೊಡೆದವನದು. ಗಾಜಿನ ಹಿಂದಿನಿಂದ ಅಪ್ಪಣೆ ಕೊಟ್ಟವರ ಹೆಸರಿರಲಿಲ್ಲ. ಕಾಕಾ ಸುಮ್ಮನಾದರು. ಆಯಿ ಸುಮ್ಮನಾಗಲಿಲ್ಲ. "ಸಾಕ್ಷಿ ಕಟ್ಟ್ಯಾಗ ನಿಂತಾಗ ನನ್ನ ಬಾಯಿ ನಂದ ಐತಲ್ಲ" ಎಂದಳು.

ಸಾಕ್ಷಿಗಳ ಪಟ್ಟಿಯಲ್ಲಿ ಆರು ಹೆಂಗಸರಿದ್ದರು. ನ್ಯಾಯಾಲಯಕ್ಕೆ ಬಂದವರು ಹತ್ತೊಂಬತ್ತು. ಉಳಿದವರು ಸುಮ್ಮನೆ ನೋಡಲು ಬಂದವರು. ಆಯಿಯ ಸರದಿ ಬಂದಾಗ ಎದುರು ಪಕ್ಷದ ವಕೀಲರು ಮೊದಲು, ಅವಳು ಆ ಬಸ್ಸಿನಲ್ಲಿ ಇದ್ದಳೆನ್ನಲು ಏನು ಪುರಾವೆ ಎಂದರು. ಆಯಿ ಸೊಂಟದ ಸಂಚಿಯಿಂದ ಎಲೆ ಅಡಿಕೆಯ ನಡುವೆ ಜೋಪಾನ ಮಾಡಿದ್ದ ಟಿಕೆಟ್ ತೆಗೆದು ಕೊಟ್ಟಳು. ಅದು ಅಚ್ಚ ಬಿಳಿಯ ಚೂರು. ವಕೀಲರ ಮುಖ ಅರಳಿತು. ಅಷ್ಟರಲ್ಲಿ ಸರ್ಕಾರಿ ವಕೀಲರು ನನ್ನ ಝೆರಾಕ್ಸ್ ಕಟ್ಟನ್ನು ಮುಂದಿಟ್ಟರು. ಮಷಿನ್ನಿನ ದಾಖಲೆಯ ಜೊತೆ ಅದು ಸರಿಹೊಂದಿತು. ಎದುರು ವಕೀಲರು ದಾರಿ ಬದಲಿಸಿದರು.

"ಆಯಿ, ನಿಮಗ ಬಸ್ ಫುಕಟ್ ಐತಿ. ಅದಕ್ಕ ಬಸ್ಸಿನವರ ಪರ ಹೇಳಾಕ ಹತ್ತೀರಿ. ಹೌದಲ್ಲ?"

"ಸರ್ಕಾರದ ಬಸ್ ನಂಗ ಫುಕಟ್ ಐತ್ರಿ, ಖರೇ. ಸರ್ಕಾರದ ಕಾರು ಆ ಸಾಹೇಬ್ರಿಗೂ ಫುಕಟ್ ಐತಿ. ಇಬ್ಬರಿಗೂ ಕುಂತು ಹೋಗಾಕ ಕೊಟ್ಟಾರ. ಬಡ್ಯಾಕ ಯಾರಿಗೂ ಕೊಟ್ಟಿಲ್ಲ."

ನ್ಯಾಯಾಧೀಶರು ಬರೆಯುವ ನೆವದಲ್ಲಿ ತಲೆ ತಗ್ಗಿಸಿದರು. ತಲೆ ಎತ್ತಿ, "ಯಾವ ಸಾಹೇಬರು?" ಎಂದು ಕೇಳಿದರು.

ಆಯಿ ಹೆಸರು ಹೇಳಿದಳು. ಏನಂದರು ಎಂದು ಕೇಳಿದಾಗ, ಆ ಮಾತನ್ನು ಅದೇ ರಾಗದಲ್ಲಿ ಹೇಳಿದಳು. ಉಳಿದ ಐದು ಮಂದಿಯೂ ಅದನ್ನೇ ಹೇಳಿದರು. ಕೊನೆಯವಳಂತೂ ಮುಖಂಡರು ಗಾಜು ಇಳಿಸಿದ ಬಗೆಯನ್ನು ಸೆರಗಿನಿಂದ ಮಾಡಿ ತೋರಿಸಿದಳು. ಎರಡು ವಾರಗಳ ನಂತರ, ಮುಖಂಡರೂ ಆರೋಪಿಯಾಗಿ ಹಾಜರಾಗಬೇಕೆಂದು ನ್ಯಾಯಾಲಯ ಸಮನ್ಸ್ ಕೊಟ್ಟಿತು.

ಅವರು ಮೇಲಿನ ಕೋರ್ಟಿಗೆ ಹೋದರು, ಅಲ್ಲಿ ನಡೆಯಲಿಲ್ಲ. ಈ ನಡುವೆ ಕನ್ನಡಿಯ ಕೇಸಿನಲ್ಲಿ ಆಯಿಯ ಮೈದುನನ ವಿರುದ್ಧ ಹೇಳಲು ಯಾರೂ ಬಾರದೆ ಅದು ಬಿದ್ದುಹೋಯಿತು. ಚುನಾವಣೆ ಹತ್ತಿರವಾಗುತ್ತಿದ್ದಂತೆ ಮುಖಂಡರಿಗೆ ಈ ವ್ಯಾಜ್ಯ ಬೇಗ ಮುಗಿಯಬೇಕಾಗಿತ್ತು. ಮೂವರೂ ತಪ್ಪೊಪ್ಪಿಕೊಳ್ಳುತ್ತೇವೆ ಎಂದರು. ನ್ಯಾಯಾಧೀಶರು ಕಾಕಾನನ್ನು ಕರೆದು, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

ಅಷ್ಟು ಮಂದಿಯ ಮುಂದೆ ಕಾಕಾ ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಮಂದಿ ಮುಂದ ಬಡದಾರ್ರಿ, ಮಂದಿ ಮುಂದನ ತಪ್ಪಾತು ಅನ್ಲಿ. ನಂಗ ಮತ್ತೇನೂ ಬ್ಯಾಡ್ರಿ."

ಮುಖಂಡರು ಕಟಕಟೆಯಲ್ಲಿ ನಿಂತು ಕೈಮುಗಿದು, "ತಪ್ಪಾತು" ಎಂದರು. ದನಿ ಹಿಂದಿನವರಿಗೆ ಕೇಳಿಸಲಿಲ್ಲ. "ಸ್ವಲ್ಪ ಜೋರಾಗಿ" ಎಂದರು ನ್ಯಾಯಾಧೀಶರು. ಅವರು ಜೋರಾಗಿ ಹೇಳಿದರು. ಮೂವರಿಗೂ ಒಂದೇ ಶಿಕ್ಷೆ: ದಂಡ, ಮತ್ತು ಅವತ್ತು ಕೋರ್ಟ್ ಏಳುವವರೆಗೆ ಅಲ್ಲಿಯೇ ಬಂಧಿಯಾಗಿ ಕೂತಿರುವುದು.

"ಇಷ್ಟನ?" ಎಂದು ನಮ್ಮಲ್ಲಿ ಒಬ್ಬಾಕೆ ಪಿಸುಗುಟ್ಟಿದಳು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಆಗ ಗಂಟೆ ಹನ್ನೊಂದೂವರೆ. ಮುಖಂಡರು ಹಿಂದಿನ ಮರದ ಬೆಂಚಿನ ಮೇಲೆ, ತಮಗಾಗಿ ಕೈಮಾಡಿದ ಇಬ್ಬರ ನಡುವೆ ಕುಳಿತರು. ಮೊಬೈಲ್ ಇಲ್ಲ, ಎದ್ದು ಹೋಗುವಂತಿಲ್ಲ, ಹಾರ ಹಾಕುವವರಿಲ್ಲ. ಬದು ಒತ್ತಿದವರು, ಜೀವನಾಂಶ ಕೇಳಿದವರು, ಕೋಳಿ ಕದ್ದವರು ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು. ಎಲ್ಲರೂ ಹೊರಡುವಾಗ ಒಮ್ಮೆ ಆ ಬೆಂಚಿನ ಕಡೆ ನೋಡುತ್ತಿದ್ದರು. ನಮ್ಮ ಹೆಂಗಸರು ಊಟಕ್ಕೆಂದು ಸರದಿಯ ಮೇಲೆ ಹೊರಗೆ ಹೋದರೇ ಹೊರತು ಕೋಣೆ ಖಾಲಿ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಖಂಡರ ತುಟಿ ಒಣಗಿದ್ದನ್ನು ಆಯಿಯೇ ಮೊದಲು ಕಂಡಳು. ಪೊಲೀಸನನ್ನು ಕೇಳಿ ತನ್ನ ನೀರಿನ ಬಾಟಲಿ ಕೊಟ್ಟಳು. ಅವರು ಕುಡಿದರು. "ಭಾಳ ಬಿಸಲೈತಿ" ಎಂದರು. "ಹೌದ್ರಿ, ಬಸ್ಸಿನ್ಯಾಗೂ ಹಿಂಗ ಇರತೈತಿ" ಎಂದಳು ಆಯಿ. ಅದರಲ್ಲಿ ಕೊಂಕು ಇರಲಿಲ್ಲ. ಇಬ್ಬರು ಮನುಷ್ಯರು ಬಿಸಿಲಿನ ಮಾತಾಡಿದಂತಿತ್ತು.

ಐದೂವರೆಗೆ ನ್ಯಾಯಾಧೀಶರು ಎದ್ದರು. ಎಲ್ಲರೂ ಎದ್ದು ನಿಂತೆವು, ಮುಖಂಡರೂ ನಿಂತರು.

ಊರಿನ ಕಡೆಯ ಬಸ್ಸಿನಲ್ಲಿ ನಮಗೆ ಕೂರಲು ಜಾಗ ಸಿಗಲಿಲ್ಲ. ಕಾಕಾ ಅಂದು ರಜೆಯಲ್ಲಿದ್ದರು, ಪ್ರಯಾಣಿಕರಾಗಿ ಕಂಬ ಹಿಡಿದು ಡ್ರೈವರನ ಪಕ್ಕ ನಿಂತರು. ಆ ಡ್ರೈವರ್ ಹೊಸಬ, ಏನಾಯಿತು ಎಂದು ಕೇಳಿದ. ಮುಖಂಡರು ತಪ್ಪೊಪ್ಪಿಕೊಂಡ ಬಗೆಯನ್ನು ಕಾಕಾ ಹೇಳತೊಡಗಿದರು. ಎರಡು ವಾಕ್ಯ ಮುಗಿಯುವುದರೊಳಗೆ ಹಿಂದಿನಿಂದ ಒಬ್ಬಾಕೆ, "ಹಂಗಲ್ಲರಿ, ಮೊದಲ ಕೈಮುಗದ್ರು" ಎಂದಳು. ಇನ್ನೊಬ್ಬಾಕೆ, "ಇಲ್ಲ, ಮೊದಲ ಕೆಮ್ಮಿದ್ರು" ಎಂದಳು. ಯಾವುದು ಮೊದಲು ಎಂಬುದು ಅವರವರ ಊರು ಬಂದು ಇಳಿಯುವ ತನಕವೂ ತೀರ್ಮಾನವಾಗಲಿಲ್ಲ.