ಎದುರು ಕುರ್ಚಿಯವರು

ನಲವತ್ತೊಂದನೇ ವಯಸ್ಸಿನಲ್ಲಿ ನಾನು ಪಿಟೀಲು ಕಲಿಯಲು ಹೊರಟಾಗ ಶಿವಮೊಗ್ಗದಲ್ಲಿರುವ ಅಕ್ಕ ಫೋನಿನಲ್ಲೇ ನಕ್ಕುಬಿಟ್ಟಳು. "ಇನ್ನು ಕಲಿತು ಯಾರಿಗೆ ಕೇಳಿಸ್ಬೇಕೇ?" ಅಂದಳು. ನಾನು ಬೇಲೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ, ಈಗಲೂ ಇದ್ದೇನೆ. ಕೆಲಸ ಹಳೇಬೀಡಿನ ಒಂದು ಶಾಲೆಯ ಆಫೀಸಿನಲ್ಲಿ. ಸಂಜೆ ಬಸ್ಸಿಳಿದು ಬೀಗ ತೆಗೆದರೆ ಮರುದಿನ ಬೆಳಗ್ಗೆ ಮತ್ತೆ ಬಸ್ಸು ಹತ್ತುವವರೆಗೆ ಒಂದು ಮಾತಿಗೂ ಕಾರಣವಿರುತ್ತಿರಲಿಲ್ಲ.

ಆ ಹೊತ್ತನ್ನು ಅಲ್ಲಿಯವರೆಗೆ ತುಂಬಿದ್ದದ್ದು ರಾಜಕೀಯ. ದಿನಕ್ಕೆ ಮೂರು ಪೇಪರ್ ಓದುತ್ತೇನೆ. ವಿಧಾನಸಭೆ ನಡೆಯುವಾಗ ಕಲಾಪವನ್ನು ಫೋನಿನಲ್ಲಿ ಹಾಕಿಕೊಂಡು ಹುರುಳಿಕಾಯಿ ಹೆಚ್ಚುತ್ತೇನೆ. ಯಾವ ಕ್ಷೇತ್ರದಲ್ಲಿ ಯಾರು ಎಷ್ಟು ಮತಗಳಿಂದ ಸೋತರು ಅನ್ನುವುದು ನನಗೆ ಬಾಯಿಪಾಠ. ಆದರೆ ಸ್ಟಾಫ್ ರೂಮಿನಲ್ಲಿ ಬಾಯಿ ತೆರೆದರೆ, "ಬಿಡಿ ಮೇಡಂ, ಯಾರ್ ಬಂದ್ರೂ ನಮ್ಮ ಪಾಡು ಇಷ್ಟೇ" ಎಂದು ಮಾತು ಸೀರೆಯ ಕಡೆಗೋ ಸೊಸೆಯ ಕಡೆಗೋ ತಿರುಗುತ್ತಿತ್ತು.

ಪಿಟೀಲಿನ ಪಾಠ ಅರಸೀಕೆರೆಯಲ್ಲಿ, ಭಾನುವಾರ ಹತ್ತೂವರೆಗೆ. ಕಲಿಸುವವರು ನಿವೃತ್ತ ಸಂಗೀತ ಶಿಕ್ಷಕಿ. ಬೇಲೂರಿನಿಂದ ಬೆಳಗಿನ ಬಸ್ಸು ಹಿಡಿದು ಹಳೇಬೀಡು, ಜಾವಗಲ್ ದಾಟಿ ಒಂಬತ್ತಕ್ಕೆ ಅಲ್ಲಿಳಿದರೆ ಗಂಟೆಗಿಂತ ಹೆಚ್ಚು ಸಮಯ ಉಳಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗುತ್ತಿದ್ದೆ. ವಾರಕ್ಕೊಮ್ಮೆ ಹೊರಗೆ ತಿನ್ನುವುದು ನನ್ನ ಏಕೈಕ ಐಷಾರಾಮ. ಮೊದಲ ಸಲ ಸಪ್ಲೈಯರ್ ನನ್ನನ್ನು ನೋಡಿದವನೇ, "ಮೇಡಂ, ಫ್ಯಾಮಿಲಿ ರೂಮ್ ಒಳಗೈತೆ" ಅಂದ.

"ನನಗೆ ಫ್ಯಾಮಿಲಿ ಇಲ್ಲಪ್ಪ, ಇಲ್ಲೇ ಕೂರ್ತೀನಿ" ಅಂದೆ.

ಪೇಪರ್ ಸಿಗುತ್ತಿದ್ದದ್ದು ಹೊರಗಿನ ಹಾಲಿನಲ್ಲಿ. ಕಿಟಕಿ ಪಕ್ಕದ ಮೇಜಿನಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ಕಾಲಿಗೆ ಒರಗಿಸಿಕೊಂಡು ಓದುತ್ತಿದ್ದೆ. ಒಂದು ವಾರ ಎಲ್ಲಾ ಮೇಜೂ ತುಂಬಿದ್ದವು. ಅರವತ್ತೈದು ದಾಟಿದ ಒಬ್ಬರು ಬಂದು ನನ್ನೆದುರು ಕುಳಿತು, ನಾನು ಹಿಡಿದಿದ್ದ ಪೇಪರಿನ ಹಿಂಬದಿಯನ್ನು ಓದತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, "ಹಾಳೆ ತಿರುವ್ಬೇಡಿ, ಇನ್ನೊಂದ್ ಪ್ಯಾರಾ ಐತೆ" ಅಂದರು. ನಗು ಬಂತು. ಪೇಪರನ್ನೇ ಕೊಟ್ಟೆ.

ಅವರು ರೈಲ್ವೆಯಲ್ಲಿದ್ದು ರಿಟೈರ್ ಆದವರು. ಗೆಂಡೆಹಳ್ಳಿ ಕಡೆಯವರಂತೆ, ಕೆಲಸದ ನಿಮಿತ್ತ ಬಂದು ಅರಸೀಕೆರೆಯಲ್ಲೇ ನೆಲೆ ನಿಂತಿದ್ದರು. ಇಷ್ಟು ಬಿಟ್ಟರೆ ಅವರ ವಿಷಯ ನನಗೆ ಗೊತ್ತಾಗಲಿಲ್ಲ. ಹೆಸರನ್ನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಮುಂದಿನ ಭಾನುವಾರ ಜಾಗ ಖಾಲಿಯಿದ್ದರೂ ಅದೇ ಕುರ್ಚಿಗೆ ಬಂದರು. ಅವರ ಪಕ್ಷ ಬೇರೆ, ನನ್ನದು ಬೇರೆ. ನಾನು ಅಂಕಿಅಂಶ ಹೇಳಿದರೆ ಅವರು ಯಾರದೋ ಮದುವೆಯಲ್ಲಿ ಯಾವ ಮುಖಂಡ ಯಾರ ಪಕ್ಕ ಉಣ್ಣಲು ಕೂತಿದ್ದ ಅನ್ನುವುದನ್ನು ಹೇಳುತ್ತಿದ್ದರು. ಹಲವು ಸಲ ಅವರ ಲೆಕ್ಕಾಚಾರವೇ ಸರಿಯಾಗುತ್ತಿತ್ತು. ಖಾಲಿ ದೋಸೆ ಆರಿ ರಬ್ಬರಿನಂತಾಗುವವರೆಗೆ ಮಾತಾಡುತ್ತಿದ್ದೆವು. ಪಾಠಕ್ಕೆ ತಡವಾಗಿ ಬೈಸಿಕೊಂಡದ್ದೂ ಉಂಟು.

ಹೀಗೆ ವರ್ಷಕ್ಕೂ ಹೆಚ್ಚು ನಡೆಯಿತು. ವಾರವಿಡೀ ಓದುವಾಗ, ಇದನ್ನು ಭಾನುವಾರ ಹೇಳಬೇಕು ಎಂದು ಗುರುತಿಟ್ಟುಕೊಳ್ಳುತ್ತಿದ್ದೆ. ಮನೆಯಲ್ಲಿ ಮೋಹನ ರಾಗದ ವರ್ಣವನ್ನು ಅಭ್ಯಾಸ ಮಾಡುವಾಗಲೂ ತಲೆಯಲ್ಲಿ ಅವರೊಡನೆ ವಾದ ನಡೆದಿರುತ್ತಿತ್ತು. ಎರಡನೇ ಕಾಲಕ್ಕೆ, ದುಪ್ಪಟ್ಟು ವೇಗಕ್ಕೆ ಬಂದಾಗ ಬೆರಳು ತಪ್ಪುತ್ತಿತ್ತು.

ಚುನಾವಣೆ ಹತ್ತಿರವಾಯಿತು. ಒಂದು ಭಾನುವಾರ ಅವರು, "ಈ ಸಲಾನೂ ನಂದು ಓಟು ನಮ್ ಎಮ್ಮೆಲ್ಲೆಗೇ. ನಮ್ ಬೀದಿಗೆ ನೀರಿನ ಲೈನು ಹಾಕ್ಸಿದ್ದು ಅವ್ನೇ ಕಣಮ್ಮ" ಅಂದರು. ಅಂದು ನನಗೆ ಏನಾಗಿತ್ತೋ. ಆ ಅಭ್ಯರ್ಥಿಯ ಅವ್ಯವಹಾರಗಳ ಬಗ್ಗೆ ಹಿಂದಿನ ದಿನವಷ್ಟೇ ಒಂದು ದೊಡ್ಡ ವರದಿ ಓದಿದ್ದೆ. "ಒಂದು ಪೈಪಿಗೆ ಓಟು ಮಾರ್ಕೊಳೋ ನಿಮ್ಮಂಥೋರಿಂದ್ಲೇ ಈ ರಾಜ್ಯ ಹೀಗಾಗಿರೋದು" ಅಂದುಬಿಟ್ಟೆ. ಜೋರಾಗಿಯೇ ಅಂದಿರಬೇಕು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅವರು ಉಳಿದ ದೋಸೆ ತಿಂದು, ಕೈ ತೊಳೆದು, "ಬತ್ತೀನಿ" ಎಂದು ಹೊರಟರು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ವಯಸ್ಸಾದವರು, ಆಸ್ಪತ್ರೆ ಸೇರಿದರೇನೋ ಎಂದು ಹೆದರಿ ಸಪ್ಲೈಯರನ್ನು ಕೇಳಿದೆ. ಅವನು ಸ್ವಲ್ಪ ಸಂಕೋಚಪಟ್ಟ. "ಬತ್ತಾರಲ್ಲ ಮೇಡಂ. ಈಗ ಬೇಗ ಬತ್ತಾರೆ. ಎಂಟಕ್ಕೆಲ್ಲ ತಿಂದು ಹೋಗಿರ್ತಾರೆ."

ಆ ದಿನ ಪಾಠದಲ್ಲಿ ಏನು ನುಡಿಸಿದೆನೋ ನೆನಪಿಲ್ಲ. ಕಾಯಿಲೆ ಅಂದಿದ್ದರೆ ನೋಯುತ್ತಿತ್ತು, ಆದರೆ ಹೀಗೆ ನೋಯುತ್ತಿರಲಿಲ್ಲ.

ಮರುವಾರ ಮೊದಲ ಬಸ್ಸಿಗೇ ಹೊರಟೆ. ಮಾದಿಹಳ್ಳಿಯ ಹತ್ತಿರ ಇನ್ನೂ ಮಂಜಿತ್ತು. ಹಾಲಿನ ಕ್ಯಾನು ಹತ್ತಿಸಲು ಬಸ್ಸು ನಿಂತಾಗೆಲ್ಲ ಗಡಿಯಾರ ನೋಡಿಕೊಂಡೆ. ಹೋಟೆಲ್ ಹೊಕ್ಕಾಗ ಅವರು ಗೋಡೆ ಪಕ್ಕದ ಮೇಜಿನಲ್ಲಿ ಕಾಫಿ ಆರಿಸುತ್ತಿದ್ದರು. ನಾನು ಕೂರಲಿಲ್ಲ. "ಅವತ್ತು ನಾನು ಹಾಗನ್ನಬಾರದಿತ್ತು. ತಪ್ಪಾಯ್ತು" ಅಂದೆ.

"ಅಯ್ಯೋ, ಕೂತ್ಕಳಿ" ಎಂದು ಕುರ್ಚಿ ಎಳೆದರು. ಆಮೇಲೆ ಲೋಟ ನೋಡುತ್ತಾ ಹೇಳಿದರು: "ನನಗೇನ್ ಕ್ವಾಪ ಇಲ್ಲ ಕಣಮ್ಮ. ಮನೇಲಿ ಮಗನ ಜತೆನೂ ಇದೇ ಜಗ್ಳ. ಅವನೂ ಹಿಂಗೇ ಅಂತಾನೆ, ನಿಮ್ಗೆ ಬುದ್ಧಿ ಇಲ್ಲ ಅಂತ. ಇಲ್ಲಾದ್ರೂ ಸುಮ್ನೆ ತಿಂದು ಹೋಗಾಣ ಅನ್ಸ್ತದೆ. ನೀವು ಬೇಜಾರ್ ಮಾಡ್ಕಬ್ಯಾಡಿ."

"ರಾಜಕೀಯ ಬಿಟ್ಟು ಬೇರೆ ಮಾತಾಡಬಹುದಲ್ಲ" ಅಂದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಅವರು ಯೋಚಿಸಿದರು. ನಿಜಕ್ಕೂ ಯೋಚಿಸಿದರು. "ಏನ್ ಮಾತಾಡಾಣ?" ಅಂದರು.

ಇಬ್ಬರಿಗೂ ಏನೂ ಹೊಳೆಯಲಿಲ್ಲ. ಅವರು ಕಾಫಿ ಮುಗಿಸಿ, ನನ್ನ ಕಡೆ ಪೇಪರ್ ಸರಿಸಿ, ಎದ್ದು ಹೋದರು. ಪಾಠಕ್ಕೆ ಇನ್ನೂ ಎರಡೂವರೆ ಗಂಟೆ ಇತ್ತು. ಇಡ್ಲಿ ತರಿಸಿಕೊಂಡು ಎಲ್ಲಾ ಪುಟ ಓದಿದೆ, ಟೆಂಡರ್ ಜಾಹೀರಾತುಗಳನ್ನೂ. ಆಮೇಲೆ ಯಾವತ್ತೂ ಮೊದಲ ಬಸ್ಸಿಗೆ ಹೋಗಲಿಲ್ಲ. ಅವರು ಕಾಪಾಡಿಕೊಂಡ ಆ ಬೆಳಗು ಅವರದ್ದಾಗಿಯೇ ಇರಲಿ ಅನ್ನಿಸಿತು.

ಫಲಿತಾಂಶದ ದಿನ ರಜೆ ಹಾಕಿ ಬೇಲೂರಿನಲ್ಲೇ ಉಳಿದೆ. ನನ್ನ ಕಡೆಯವರು ಗೆದ್ದರು. ಬೀದಿಯಲ್ಲಿ ಪಟಾಕಿ ಹೊಡೆದರು. ಖುಷಿಗೆ ಹೋಟೆಲಿನಲ್ಲಿ ಊಟ ಮಾಡೋಣವೆಂದು ಹೋದೆ. ಎದುರು ಕುಳಿತ ಪ್ರವಾಸಿ ದಂಪತಿ ದೇವಸ್ಥಾನದಲ್ಲಿ ತೆಗೆದ ಫೋಟೋಗಳನ್ನು ನೋಡುವುದರಲ್ಲಿ ಮುಳುಗಿದ್ದರು. ಟಿವಿಯಲ್ಲಿ ಅಂಕಿಗಳು ಓಡುತ್ತಿದ್ದವು. ಮೂರನೇ ಸುತ್ತಿನಲ್ಲಿ ಲೀಡ್ ಯಾಕೆ ತಿರುಗಿತು ಅನ್ನುವುದು ನನಗೆ ಗೊತ್ತಿತ್ತು. ಯಾರಿಗಾದರೂ ಹೇಳಬೇಕಿತ್ತು. ಅಕ್ಕನಿಗೆ ಫೋನ್ ಮಾಡಿದೆ. "ಯಾರು ಗೆದ್ರಂತೆ?" ಅಂದಳು, ಕುಕ್ಕರ್ ಕೂಗಿತು, ಆಮೇಲೆ ಮಾಡ್ತೀನಿ ಅಂದಳು.

ಮನೆಗೆ ಬಂದು ಪಿಟೀಲು ತೆಗೆದು ಶ್ರುತಿ ಮಾಡಿದೆ. ಕಮಾನು ಎತ್ತುವ ಮೊದಲು, ಈ ಫಲಿತಾಂಶಕ್ಕೆ ಅರಸೀಕೆರೆಯ ಆ ಎದುರು ಕುರ್ಚಿಯವರು ಏನು ಅನ್ನುತ್ತಿದ್ದರು ಎಂದು ಯೋಚಿಸಿ, ಅವರ ಹಾಗೆಯೇ ಗಟ್ಟಿಯಾಗಿ ಅಂದೆ: "ನಿಮ್ಮೋರ್ ಏನ್ ಕಡ್ದ್ ಕಟ್ಟೆ ಹಾಕ್ತಾರೋ ನೋಡಾಣ ಬುಡಿ." ಅದಕ್ಕೆ ಒಳ್ಳೆಯ ಉತ್ತರವೂ ನನ್ನ ಬಳಿ ಇತ್ತು. ಅದನ್ನೂ ಹೇಳಿ, ವರ್ಣ ಶುರು ಮಾಡಿದೆ.